ಅಮರಪ್ಪ ಎಣಿಸದ ಕುರಿ

ಬಿಜ್ಜರಗಿಯ ಸೌಭಾಗ್ಯ ಹತ್ತನೆಯ ತರಗತಿಯಲ್ಲಿದ್ದಾಳೆ. ಮುಂದೆ ಕಂಪ್ಯೂಟರ್ ಸೈನ್ಸ್ ಓದುತ್ತೇನೆಂದು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಕಂಪ್ಯೂಟರ್ ಮುಟ್ಟಿ ನೋಡದವರೂ ಬುದ್ಧಿ ಹೇಳತೊಡಗಿದರು. ಟೈಪಿಂಗ್ ಕಲಿ ಅಂದರು ಒಬ್ಬರು, ಇಂಗ್ಲಿಷ್ ಕಲಿ ಅಂದರು ಇನ್ನೊಬ್ಬರು. ಲ್ಯಾಪ್‌ಟಾಪ್ ಇಲ್ಲದವರು ಆ ಕಡೆ ತಲೆ ಹಾಕಲೇಬಾರದು ಅಂದ, ಜಲನಗರದ ಸೋದರಮಾವ.

ಗಣಿತದ ವಿದ್ಯಾವತಿ ಟೀಚರ್ ಹೇಳಿದ್ದೇ ಬೇರೆ. "ಅವೆಲ್ಲಾ ಆಮ್ಯಾಲ. ಮನ್ಯಾಗಿನ ಒಂದು ಕೆಲಸ ಹೆಂಗ ಮಾಡ್ತೀರಿ ಅಂತ ಒಂದೊಂದ ಹಂತ ಬರಕೊಂಡ ಬಾ. ಏನೂ ಗೊತ್ತಿಲ್ಲದವ ಓದಿ ಮಾಡೂವಂಗ ಇರಬೇಕು."

ಸಂಜೆ ಅಜ್ಜ ಅಮರಪ್ಪ ಮೇಯಿಸಿ ತಂದ ಕುರಿಗಳನ್ನು ದೊಡ್ಡಿಗೆ ಹೊಡೆಯುತ್ತಿದ್ದಾಗ ಸೌಭಾಗ್ಯ ಪಕ್ಕದಲ್ಲೇ ನಿಂತು ಬರೆದು, ಓದಿ ಹೇಳಿದಳು: ಬಾಗಿಲಲ್ಲಿ ನಿಲ್ಲು. ಒಂದೊಂದಾಗಿ ಒಳಗೆ ಬಿಡು. ಎಣಿಸು. ಕಡಿಮೆಯಿದ್ದರೆ ಹುಡುಕು.

"ನಾ ಯಾವಾಗ ಎಣಿಸೇನಿ ಬೇ?" ಅಂದ ಅಜ್ಜ.

"ಮತ್ತ ಒಂದು ತಪ್ಪಿಸಿಕೊಂಡ್ರ ಹೆಂಗ ಗೊತ್ತಾಗ್ತೈತಿ, ಮುತ್ತ್ಯಾ?"

"ಎಣಿಸಿದ್ರ ಎಷ್ಟ ಕಡಿಮಿ ಅಂತ ಗೊತ್ತಾಗ್ತೈತಿ. ಯಾವುದು ಅಂತ ಗೊತ್ತಾಗ್ತೈತೇನು? ದೊಡ್ಡ್ಯಾಗ ಯಾವ ಮರಿ ಒದರಾಕತ್ತೈತಿ ನೋಡು. ಅದರ ತಾಯಿ ಬಂದಿಲ್ಲ ಅಂತ ತಿಳಿ."

"ಮರಿ ಇಲ್ಲದ ಕುರಿ ತಪ್ಪಿಸಿಕೊಂಡ್ರ?"

ಅಜ್ಜ ದೊಡ್ಡಿಯ ಬಾಗಿಲು ಎಳೆದುಕೊಂಡ. "ಅದೂ ಗೊತ್ತಾಗ್ತೈತಿ. ಹೆಂಗ ಅಂತ ನನಗೂ ಗೊತ್ತಿಲ್ಲ."

ಸೌಭಾಗ್ಯ 'ಎಣಿಸು' ಎಂಬುದನ್ನು ಹೊಡೆದುಹಾಕಿದಳು. ಅಲ್ಲಿ ಏನು ಬರೆಯಬೇಕೆಂದು ತಿಳಿಯದೆ ಕತ್ತಲಾಗುವವರೆಗೆ ಪೆನ್ನು ಹಿಡಿದು ಕೂತಳು. ಕೊನೆಗೆ ಬರೆದದ್ದು ಇಷ್ಟೇ: ಅಮರಪ್ಪನನ್ನು ಕೇಳು.