ಬಾನೆಟ್ಟಿನ ಮೇಲಿನ ಬರಿ ಕಬ್ಬಿಣ

ಇವತ್ತು ಹೂಟಗಳ್ಳಿಯ ಗ್ಯಾರೇಜಿನಲ್ಲಿ ಹಸಿ ಬಣ್ಣದ ವಾಸನೆ ಮೂಗಿಗೆ ಬಡಿದು ನಮ್ಮ ಸೋದರಮಾವ ನೆನಪಾದರು. ತಮ್ಮ ಗೆಳೆಯ ಶಿವಣ್ಣನ ತಿಥಿ ಮುಗಿಸಿ ಬಂದ ಸಂಜೆ, ಮಕ್ಕಳಾದ ನಮಗೆ ಈ ಕಥೆಯನ್ನು ಮೊದಲು ಹೇಳಿದವರು ಅವರೇ.

ಕಾಡಿನ ಹಳ್ಳದಲ್ಲಿ ಜೀಪು ಹೂತುಹೋಗಿತ್ತಂತೆ. ಶಿವಣ್ಣ ಎದೆ ಹಿಡಿದುಕೊಂಡು ಒದ್ದಾಡುತ್ತಿದ್ದನಂತೆ. ಮಾವ ಜೀಪಿನಲ್ಲಿದ್ದ ಹ್ಯಾಮ್ ರೇಡಿಯೊದಲ್ಲಿ, ಅಂದರೆ ಹವ್ಯಾಸಿಗಳ ನಿಸ್ತಂತು ಸೆಟ್ಟಿನಲ್ಲಿ, ಎಷ್ಟು ಕೂಗಿದರೂ ಯಾರೂ ಓಗೊಡಲಿಲ್ಲ.

"ಯಾಕ್ ಮಾವ?"

"ಆಂಟೆನಾ ಬುಡಕ್ಕೆ ಬಾನೆಟ್ಟಿನ ಬರಿ ಕಬ್ಬಿಣ ತಾಕ್ಬೇಕು ಕಣ್ರೋ, ಇಲ್ದಿದ್ರೆ ಮಾತು ದೂರ ಹೋಗಲ್ಲ. ಬಿಚ್ಚಿ ನೋಡಿದ್ರೆ ಅಡೀಲಿ ಬಣ್ಣ. ಕೀಲಿಕೈಲಿ ಕೆರೆದು ಬಿಗಿದೆ. ಮೈಸೂರಿಂದ ಉತ್ರ ಬಂತು. ಅಷ್ಟೊತ್ಗೆ ಶಿವಣ್ಣ ಹೋಗ್ಬುಟ್ಟಿದ್ದ."

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಬಣ್ಣ ಬಳಿದಿದ್ದು ನಾನು ಅಂತಾನೂ ಹೇಳ್ರೀ" ಎಂದರು. ಆಯುಧಪೂಜೆಗೆ ಆಂಟೆನಾ ಬಿಚ್ಚಿ ಜೀಪು ತೊಳೆದಾಗ, ಬಾನೆಟ್ಟಿನಲ್ಲಿ ಬೋಳಾಗಿ ಕಂಡ ಜಾಗಕ್ಕೆ ಅವರೇ ಚೆಂದವಾಗಿ ಬಣ್ಣ ಹಚ್ಚಿದ್ದರು.

"ನೋಡ್ದೇನೆ ಆಂಟೆನಾ ಬಿಗಿದೋನು ನಾನು. ಬುಡು" ಎಂದರು ಮಾವ.

ಮರುದಿನ ಬೆಳಿಗ್ಗೆ ನಾವು ಎದ್ದಾಗ ಅತ್ತೆ ಆಂಟೆನಾ ಬಿಚ್ಚಿಟ್ಟು, ಉಪ್ಪುಕಾಗದ ಹಿಡಿದು ಬಾನೆಟ್ಟನ್ನು ಉಜ್ಜುತ್ತಿದ್ದರು. ಮಾವ ಕೆರೆದು ಕಬ್ಬಿಣ ಕಂಡಿದ್ದ ಜಾಗವನ್ನೇ ಮತ್ತೆ ಮತ್ತೆ ಉಜ್ಜುತ್ತಿದ್ದರು.

"ಸಾಕು ಕಣೇ" ಎಂದರು ಮಾವ. ಅತ್ತೆ ನಿಲ್ಲಿಸಲಿಲ್ಲ.

ನಾವು ಮಕ್ಕಳು ಒಂದೊಂದು ಚೂರು ಕಾಗದ ಹರಿದುಕೊಂಡು, ಅವರ ಪಕ್ಕದಲ್ಲಿ ನಿಂತು ಉಜ್ಜತೊಡಗಿದೆವು.