ಕಬ್ಬಿಣ ಇಳಿಸುವ ಚೌಡಯ್ಯ

ಸೂಜಿ ಕಂಡರೆ ಬೆವರುವ ನನ್ನಂಥ ಹೇಡಿ ಚೌಡಯ್ಯನವರ ಪಕ್ಕದಲ್ಲೇ ದುಡಿಯಬೇಕಾಗಿ ಬಂದದ್ದು ಹಣೆಬರಹ. ಮಾಚೇನಹಳ್ಳಿಯ ನಮ್ಮ ಫೌಂಡ್ರಿಯಲ್ಲಿ ಅವರು ಹಳಬರು. ಇಲ್ಲಿನ ಕಬ್ಬಿಣದ ಧೂಳು ಉಸಿರಿನಲ್ಲಿ ಹೋಗಿ ರಕ್ತ ಸೇರುತ್ತದೆ, ಇಳಿಸದಿದ್ದರೆ ಒಳಗೇ ಗಡ್ಡೆ ಕಟ್ಟುತ್ತದೆ ಎಂಬುದು ಅವರ ಸಿದ್ಧಾಂತ. ಹಾಗಾಗಿ ಭದ್ರಾವತಿಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ, ಯಾರದೋ ಹುಟ್ಟುಹಬ್ಬಕ್ಕೆ ರಕ್ತದಾನದ ಶಾಮಿಯಾನ ಎದ್ದರೆ, ಕುರ್ಚಿ ಹಾಕುವ ಮುಂಚೆಯೇ ಅಂಗಿಯ ತೋಳು ಮಡಚಿಕೊಂಡು ನಿಂತಿರುತ್ತಾರೆ. ಹೋದ ಸಲ ಕೊಟ್ಟು ಮೂರು ತಿಂಗಳಾಗಿಲ್ಲವೆಂದು ವಾಪಸ್ ಕಳಿಸಿದರೆ, ಕೊನೇ ಬಸ್ಸು ತಪ್ಪಿದವರಂತೆ ಸಪ್ಪಗಾಗುತ್ತಾರೆ. ಕೊಟ್ಟು ಬಂದ ದಿನ ಮಾತ್ರ ಮುಖ ಹಗುರ. "ಈ ಸಲದ್ದು ಇಳೀತು ಮಾರಾಯ. ನೀನೂ ಇಳಿಸ್ಕೋ, ಗಡ್ಡೆ ಬಂದ್ಮೇಲೆ ಅತ್ತು ಏನ್ ಮಾಡ್ತೀಯ?" ಎನ್ನುತ್ತಾ ಶಿಬಿರದಲ್ಲಿ ಕೊಟ್ಟ ಬಿಸ್ಕತ್ತನ್ನು ನನ್ನ ಕೈಗಿಡುತ್ತಾರೆ. ಒಂದು ಹನಿಯನ್ನೂ ಕೊಡದ ನಾನು ಅದನ್ನು ಟೀಯಲ್ಲಿ ಅದ್ದಿ ತಿನ್ನುತ್ತೇನೆ. ಮೊನ್ನೆ ನಾನೂ ಜೊತೆಗೆ ಹೋಗಿದ್ದಾಗ ಶಿಬಿರದ ಡಾಕ್ಟರು ಇದನ್ನೆಲ್ಲ ಕೇಳಿ, "ರಕ್ತ ಕೊಡಿ, ಒಳ್ಳೇದು. ಆದ್ರೆ ಕೊಟ್ರೆ ಗಡ್ಡೆ ಬರಲ್ಲ ಅಂತ ಏನಿಲ್ಲ. ಧೂಳು ರಕ್ತದಲ್ಲಿ ಕೂತು ಗಡ್ಡೆ ಆಗತ್ತೆ ಅನ್ನೋದೂ ಸುಳ್ಳು" ಎಂದರು. ಚೌಡಯ್ಯ ತಲೆಯಾಡಿಸಿ ತೋಳು ಚಾಚಿದರು. ವಾಪಸ್ ಬರುವಾಗ ಬಸ್ಸಿನಲ್ಲಿ, "ಕೇಳಿದ್ರಲ್ಲ ಚೌಡಯ್ಯೋರೆ, ಇನ್ನಾದ್ರೂ ಹೆದರ್ಕೋಬೇಡಿ" ಎಂದೆ. ಅವರು ಮಡಚಿದ್ದ ತೋಳನ್ನು ಇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ನನ್ನ ಹೆಂಡ್ತಿ ಅಷ್ಟು ವರ್ಷ ಈ ಧೂಳಿನ ಬಟ್ಟೆ ಒಗೆದು, ಗಡ್ಡೆ ಬಂದೇ ಹೋದ್ಲು. ಡಾಕ್ಟ್ರು ಹೇಳಿದ್ದು ನಿಜ ಆದ್ರೆ ಅದು ನನ್ನಿಂದ ಬಂದಿದ್ದಲ್ಲ ಅಂತಾಯ್ತು, ಅಲ್ವಾ?" ಎಂದರು. "ನಿಮ್ಮಿಂದ ಅಲ್ಲವೇ ಅಲ್ಲ" ಎಂದೆ. ಅವರು ನಿಟ್ಟುಸಿರು ಬಿಟ್ಟು, ಮುಂದಿನ ಶಿಬಿರ ಆಯನೂರಿನಲ್ಲಿ ಯಾವತ್ತು ಎಂದು ಕೇಳಿದರು.