ಮೂರನೆಯ ಕಾರ್ಟೂನಿನ ಕರಿಯಣ್ಣ

ಕುವೈತಿನಲ್ಲಿ ಅದು ನನ್ನ ಹದಿನೇಳನೆಯ ವರ್ಷ. ಎಗೈಲಾ ಬಡಾವಣೆಯ ಒಂದು ಮಾಲ್‌ನ ಸಭಾಂಗಣದಲ್ಲಿ ನಾನು ಆಡಿಯೊ-ವಿಡಿಯೊ ಸೂಪರ್‌ವೈಸರ್ ಆಗಿದ್ದೆ. ತೋರಿಸುವ ಪ್ರತಿ ಚಿತ್ರವನ್ನೂ ಮೊದಲೇ ನೋಡಿ ಪಾಸು ಮಾಡುವುದು ನನ್ನ ಕೆಲಸ. ಅದಕ್ಕೊಂದು ಚೆಕ್‌ಲಿಸ್ಟ್ ಇತ್ತು: ಮುತ್ತು, ಮದ್ಯ, ಹಂದಿ, ಜೂಜು. ನಾಲ್ಕರಲ್ಲಿ ಒಂದು ಕಂಡರೂ ಕತ್ತರಿ. ನನ್ನ ಕಣ್ಣು ತಪ್ಪಿಸಿ ಒಂದು ಬಾಟಲಿಯೂ ಪರದೆಗೆ ಹೋಗದು ಎಂಬ ಹಮ್ಮು ನನಗಿತ್ತು.

ಪ್ರೊಜೆಕ್ಟರ್ ನಡೆಸುತ್ತಿದ್ದವನು ಸುಡಾನಿನ ಇದ್ರೀಸ್, ಆರು ವರ್ಷದ ಜೊತೆಗಾರ. ಅವನು ಸೇರಿದ ಮೊದಲ ವಾರವೇ, ಹುಬ್ಬಳ್ಳಿ ಕಡೆಯವನಾದ ನಾನು ಅವನಿಗೆ ಕರಿಯಣ್ಣ ಎಂದು ಹೆಸರಿಟ್ಟೆ. ಅರ್ಥ ಕೇಳಿದಾಗ, ನಾವಿಬ್ಬರೂ ಆಡುತ್ತಿದ್ದ ಹಿಂದಿಯಲ್ಲಿ "ಬಡಾ ಭಾಯಿ" ಎಂದೆ. ಅರ್ಧ ಪದದ ಅರ್ಥ ಮಾತ್ರ ಹೇಳಿದ್ದೆ. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ, ಫೋನು ಎತ್ತಿದರೆ ತಾನೇ "ಕರಿಯಣ್ಣ ಹಿಯರ್" ಎನ್ನುತ್ತಿದ್ದ. ಮನೆಯಲ್ಲಿ ಮಗಳಿಗೂ ಹೇಳಿಕೊಟ್ಟಿದ್ದ.

ಒಂದು ಶುಕ್ರವಾರ ಮಧ್ಯಾಹ್ನ ಕನ್ನಡ ಕುಟುಂಬಗಳ ಮಕ್ಕಳಿಗಾಗಿ ಕಾರ್ಯಕ್ರಮವಿತ್ತು. ಏಳೇಳು ನಿಮಿಷದ, ಮಾತಿಲ್ಲದ, ಅಜ್ಜಂದಿರ ಕಾಲದ ಆರು ಕಾರ್ಟೂನುಗಳು. ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಕ್ಕಳ ಕಿವಿಗೆ ನಾಲ್ಕು ಕನ್ನಡ ಮಾತು ಬೀಳಲಿ ಎಂದು ನಾನೇ ಮೈಕಿನಲ್ಲಿ ಕಥೆ ಹೇಳುವುದೆಂದಾಯಿತು. ಹಿಂದಿನ ದಿನವೇ ಕುಳಿತು ಒಂದು ಮುತ್ತು, ಎರಡು ಬಾಟಲಿ, ಒಟ್ಟು ನಲವತ್ತು ಸೆಕೆಂಡು ಕತ್ತರಿಸಿದ್ದೆ.

ಮೂರನೆಯದರಲ್ಲಿ ಒಬ್ಬ ಅಡುಗೆಯವನಿದ್ದ. ಮಸಿಯಂಥ ಮುಖ, ಅದರ ಅರ್ಧ ತುಂಬುವ ತುಟಿ. ಕೋಳಿ ಕದ್ದು, ತನ್ನ ನೆರಳಿಗೇ ಹೆದರಿ ಕಣ್ಣು ಗಿರಗಿರ ತಿರುಗಿಸುವ ಪೆದ್ದ. ಮೂರು ಸಲ ನೋಡಿದೆ, ಮೂರು ಸಲವೂ ನಕ್ಕೆ. ಚೆಕ್‌ಲಿಸ್ಟಿನಲ್ಲಿ ಅವನಿಗೆ ಸಾಲು ಇರಲಿಲ್ಲ.

ಇದ್ರೀಸ್ ಅಂದು ಏಳು ವರ್ಷದ ಮಗಳು ಅಮಲ್‌ಳನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಅಡುಗೆಯವನು ಪರದೆಗೆ ಬಂದ. ದಿನವಿಡೀ ನನ್ನ ನಾಲಿಗೆಯ ಮೇಲಿರುತ್ತಿದ್ದ ಹೆಸರು ತಾನಾಗಿ ಉದುರಿತು.

"ಬಂದ ನೋಡ್ರಿ ಮಕ್ಕಳ, ನಮ್ಮ ಕರಿಯಣ್ಣ."

ಅಮಲ್ ಖುಷಿಯಿಂದ ಎದ್ದು ಪ್ರೊಜೆಕ್ಟರ್ ಕಡೆ ಕೈ ತೋರಿಸಿದಳು. "ಕರಿಯಣ್ಣ ಈಸ್ ಮೈ ಬಾಬಾ."

ಮಕ್ಕಳೆಲ್ಲ ಹಿಂದೆ ತಿರುಗಿ ಇದ್ರೀಸನನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. "ಸೇಮ್ ಟು ಸೇಮ್" ಎಂದಿತು ಒಂದು ಮಗು. ಸಭೆ ಗೊಳ್ಳೆಂದು ನಕ್ಕಿತು. ಅಮಲ್ ಪರದೆಯತ್ತ ತಿರುಗಿದಳು. ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು.

ಮೂರು ಸಲ ನೋಡಿದ್ದ ಆ ಮುಖ ಆಗಷ್ಟೇ ನನಗೆ ಕಂಡಿತು. ನಿಲ್ಲಿಸು ಎನ್ನುವ ಬದಲು ಮೈಕು ಆರಿಸಿದೆ. ಉಳಿದ ನಾಲ್ಕು ನಿಮಿಷ ಚಿತ್ರ ಕಥೆಯಿಲ್ಲದೆ ಓಡಿತು. ಇದ್ರೀಸನೂ ನಿಲ್ಲಿಸಲಿಲ್ಲ, ಕೊನೆಯವರೆಗೂ ನೋಡಿದ. ನಾಲ್ಕನೆಯದನ್ನು ಹಾಕುವ ಮೊದಲು ದೀಪ ಹಾಕಿ ನನ್ನ ಬಳಿ ಬಂದ.

"ಅಣ್ಣ ಮತ್ಲಬ್ ಭಾಯಿ. ಔರ್ ಕರಿಯ?"

"ಕಾಲಾ" ಎಂದೆ.

"ಛೇ ಸಾಲ್" ಎಂದ. ಅವನು ಹಿಂದಿಯಲ್ಲಿ ಆರು ವರ್ಷ ಎಂದದ್ದು. ನನ್ನ ಕಿವಿಗೆ ಬಿದ್ದದ್ದು ಕನ್ನಡದ ಛೇ. "ಅಮಲ್ ಕೋ ತುಮ್ ಬೋಲೋ. ಮೈ ನಹೀ ಬೋಲ್ ಸಕ್ತಾ."

ತನ್ನಿಂದಾಗದು, ಮಗಳಿಗೆ ನಾನೇ ಹೇಳಬೇಕು ಎಂದ. ಅವಳ ಮುಂದೆ ಮಂಡಿಯೂರಿ, ಹರುಕು ಇಂಗ್ಲಿಷಿನಲ್ಲಿ ಹೇಳಿದೆ: ನಿನ್ನ ಬಾಬಾ ಹಾಗಿಲ್ಲ. ಆ ಚಿತ್ರ ಬರೆದವನು ನಿಮ್ಮವರ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಹೆಸರಿಟ್ಟ ನಾನೂ ನೋಡಿರಲಿಲ್ಲ.

"ಹಾಗಾದರೆ ನಿಮ್ಮ ಭಾಷೆಯಲ್ಲಿ ಬಾಬಾನ ಹೆಸರೇನು?" ಎಂದು ಕೇಳಿದಳು.

"ಇದ್ರೀಸ್" ಎಂದೆ. ನಂಬಿದಳೋ ಇಲ್ಲವೋ, ಎದ್ದು ಹೋಗಿ ಅಪ್ಪನ ಪಕ್ಕ ಕುಳಿತಳು.

ಚೆಕ್‌ಲಿಸ್ಟಿಗೆ ಐದನೆಯ ಸಾಲನ್ನು ನಾನೇ ಬರೆದೆ: ನಗು ಯಾರ ಮೇಲೆ? ಹಳೆಯ ಚಿತ್ರಗಳನ್ನೆಲ್ಲ ಸುಟ್ಟುಬಿಡಿ ಎನ್ನುವವನಲ್ಲ ನಾನು. ಅವುಗಳ ತಪ್ಪನ್ನು ತಿಳಿಸಿ ದೊಡ್ಡವರಿಗೆ ತೋರಿಸಬಹುದು. ಆದರೆ ಅಂದು ಮಗುವಿಗೆ ತಗುಲಿದ್ದು ಚಿತ್ರ ಮಾತ್ರವಲ್ಲ, ನನ್ನ ಮಾತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತಂತೆ. ಪರದೆಗೆ ಕತ್ತರಿ ಹಿಡಿದವನು ಮೊದಲು ತನ್ನ ನಾಲಿಗೆಯನ್ನು ಪರೀಕ್ಷಿಸಬೇಕು ಎಂಬುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು.

ಎರಡು ವರ್ಷದ ನಂತರ ನಿವೃತ್ತನಾಗಿ ಹೊರಟ ದಿನ ಅವನ ಕೈ ಹಿಡಿದು, "ಬರ್ತೀನಿ ಇದ್ರೀಸಣ್ಣ" ಎಂದೆ.

ಕೈ ಕುಲುಕಿದ. "ಭಾಯಿ, ಅಣ್ಣ ನಹೀ. ಸಿರ್ಫ್ ಇದ್ರೀಸ್."